ಕೇಪ್ ಗೆಡ್ಡೆ ಹೂಗಳು: ಬೇಸಿಗೆಯಲ್ಲಿ ಒಣಗಿಸಿ, ಚಳಿಗಾಲದಲ್ಲಿ ನೀರುಣಿಸಿ

ಸುಗಂಧರಾಜ, ಗೌರಿ ಹೂ, ಮಳೆ ಲಿಲ್ಲಿ ಬೆಳೆದವರಿಗೆ ಗೆಡ್ಡೆಯ ಲೆಕ್ಕ ಕೈಗೆ ಕೂತಿರುತ್ತದೆ: ಮುಂಗಾರಿಗೆ ಚಿಗುರು, ಚಳಿ ಬಂದಂತೆ ಎಲೆ ಒಣಗಿ ನಿದ್ದೆ. ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ಮತ್ತು ನಮಾಕ್ವಾಲ್ಯಾಂಡ್ ಕಡೆಯ ಗೆಡ್ಡೆಗಳಲ್ಲಿ ಈ ಲೆಕ್ಕ ಪೂರ್ತಿ ತಿರುಗುಮುರುಗು. ಅಲ್ಲಿ ಮಳೆ ಬೀಳುವುದು ಮುಖ್ಯವಾಗಿ ಮೇಯಿಂದ ಆಗಸ್ಟ್‌ವರೆಗೆ, ಅಂದರೆ ಆ ನಾಡಿನ ಚಳಿಗಾಲದಲ್ಲಿ. ಬೇಸಿಗೆ ಬಿರು ಬಿಸಿಲು, ನೆಲ ಬೂದಿಯಂತೆ ಒಣಗಿರುತ್ತದೆ. ಹಾಗಾಗಿ ಅಲ್ಲಿನ ಗೆಡ್ಡೆಗಳು ಬೇಸಿಗೆ ಕಳೆದು ರಾತ್ರಿ ತಣ್ಣಗಾದಾಗ ಏಳುತ್ತವೆ, ಚಳಿಯಲ್ಲಿ ಎಲೆ ಬೆಳೆಸುತ್ತವೆ, ಚಳಿಯ ಕೊನೆಗೆ ಅರಳಿ ಮತ್ತೆ ಮಲಗುತ್ತವೆ.

ಬೊಕ್ಕೆವೆಲ್ಡ್ ಎಂಬ ಪ್ರಸ್ಥಭೂಮಿಯ ಅಂಚಿನ ನ್ಯೂವೌಟ್‌ವಿಲ್ ಎಂಬ ಸಣ್ಣ ಊರನ್ನು ಜಗತ್ತಿನ ಗೆಡ್ಡೆಗಳ ರಾಜಧಾನಿ ಎಂದೇ ಕರೆಯುತ್ತಾರೆ. ಲ್ಯಾಕೆನಾಲಿಯಾ ಕುಲವೊಂದರಲ್ಲೇ 130ಕ್ಕೂ ಹೆಚ್ಚು ಜಾತಿಗಳಿವೆ. ಇವುಗಳಲ್ಲಿ ಹಲವು ಒಂದೇ ಒಂದು ಗುಡ್ಡ ಅಥವಾ ಒಂದು ಹೊಲದಂಚಿನಲ್ಲಿ ಮಾತ್ರ ಉಳಿದಿವೆ. ಮೊರಿಯಾ ಅರಿಸ್ಟಾಟಾ ಎಂಬ ನೀಲಿ ಕಣ್ಣಿನ ಬಿಳಿ ಹೂವಿಗೆ ಕಾಡಿನಲ್ಲಿ ಉಳಿದಿರುವ ಜಾಗ ಕೇಪ್‌ಟೌನ್‌ನ ಖಗೋಳ ವೀಕ್ಷಣಾಲಯದ ಆವರಣ.

ಕ್ಯಾಲಿಫೋರ್ನಿಯಾದ ಬೇ ಏರಿಯಾ, ಆಸ್ಟ್ರೇಲಿಯಾದ ಪರ್ತ್, ಅಡಿಲೇಡ್‌ಗಳಲ್ಲಿ ಇರುವ ಕನ್ನಡಿಗರ ಮನೆ ಹಿತ್ತಲಿಗೆ ಕೇಪ್‌ನದ್ದೇ ಹವೆ ಇದೆ. ಅವರಿಗೆ ಇದು ಸುಲಭದ ಬೆಳೆ. ಬೆಂಗಳೂರಿನಲ್ಲಿ ಸ್ವಲ್ಪ ಕಸರತ್ತು ಬೇಕು, ಅದನ್ನು ಕೊನೆಗೆ ನೋಡೋಣ. ಕೆಳಗೆ ಹೇಳುವ ತಿಂಗಳುಗಳು ಉತ್ತರ ಗೋಳಾರ್ಧದವು. ಆಸ್ಟ್ರೇಲಿಯಾದವರು ಆರು ತಿಂಗಳು ಕೂಡಿಸಿಕೊಳ್ಳಿ.

ಕೈಯಲ್ಲಿರುವುದು ಯಾವ ಬಗೆಯ ಗೆಡ್ಡೆ?

ಇದು ಗೊತ್ತಾಗದೆ ಮುಂದಿನ ಹೆಜ್ಜೆ ಇಡಬೇಡಿ, ಏಕೆಂದರೆ ಆಳವೂ ನೀರೂ ಇದರ ಮೇಲೆಯೇ ನಿಂತಿವೆ.

ಮೊದಲನೆಯದು ಈರುಳ್ಳಿಯಂತೆ ಪದರ ಪದರವಾಗಿ, ರಸ ತುಂಬಿರುವ ಬಗೆ: ಲ್ಯಾಕೆನಾಲಿಯಾ, ವೆಲ್ಟ್‌ಹೈಮಿಯಾ, ಮಸೋನಿಯಾ. ಎರಡನೆಯದು ಕೆಸುವಿನ ಗೆಡ್ಡೆಯಂತೆ ಒಳಗೆ ಗಟ್ಟಿಯಾಗಿ, ಹೊರಗೆ ನಾರಿನ ಅಂಗಿ ತೊಟ್ಟಿರುವುದು: ಮೊರಿಯಾ, ಇಕ್ಸಿಯಾ, ಬಬಿಯಾನಾ, ಸ್ಪಾರಾಕ್ಸಿಸ್, ರೊಮುಲಿಯಾ, ಗ್ಲಾಡಿಯೋಲಸ್, ಫ್ರೀಸಿಯಾ. ಇವು ಪ್ರತಿ ವರ್ಷ ಹಳೆಯ ಗೆಡ್ಡೆಯನ್ನು ಕರಗಿಸಿ, ಅದರ ತಲೆಯ ಮೇಲೆ ಹೊಸದನ್ನು ಕಟ್ಟುತ್ತವೆ. ಮೂರನೆಯದು ಅಮರಿಲ್ಲಿಸ್ ಬಳಗ: ಹೀಮ್ಯಾಂಥಸ್, ಬ್ರನ್ಸ್‌ವಿಜಿಯಾ, ನೆರೀನ್ ಸಾರ್ನಿಯೆನ್ಸಿಸ್, ಗೆಥಿಲಿಸ್. ಇವುಗಳ ದಪ್ಪ ಬೇರುಗಳು ಬೇಸಿಗೆಯಲ್ಲೂ ಜೀವಂತ. ಬೇರು ಮುರಿದರೆ ಒಂದೆರಡು ವರ್ಷ ಮುನಿಸಿಕೊಂಡು ಹೂವೇ ಬಿಡುವುದಿಲ್ಲ.

ಹೊಸಬರು ಸ್ಪಾರಾಕ್ಸಿಸ್, ಬಬಿಯಾನಾ, ಲ್ಯಾಕೆನಾಲಿಯಾಗಳಿಂದ ಶುರು ಮಾಡಿ. ಸೇಂಟ್ ಹೆಲೆನಾ ಕೊಲ್ಲಿಯ ಗ್ರಾನೈಟ್ ಬಂಡೆಗಳ ನಡುವಿನ ಲ್ಯಾಕೆನಾಲಿಯಾ ವಿರಿಡಿಫ್ಲೋರಾ ಕಾಡಿನಲ್ಲಿ ತೀವ್ರ ಅಪಾಯದಲ್ಲಿದ್ದರೂ ಕುಂಡದಲ್ಲಿ ಹಟ ಮಾಡದ ಗಿಡ. ನವಿಲಿನ ಕತ್ತಿನ ಹಸಿರು-ನೀಲಿ ಬಣ್ಣದ ಹೂ, ಅದೂ ಉಳಿದವೆಲ್ಲ ಇನ್ನೂ ಎಲೆ ಬಿಡುತ್ತಿರುವಾಗಲೇ. ಟುಲ್ಬಾಗ್ ಕಣಿವೆಯ ಹಸಿರು ಹೂವಿನ ಇಕ್ಸಿಯಾ ವಿರಿಡಿಫ್ಲೋರಾ, ಡಾರ್ಲಿಂಗ್ ಬಯಲಿನ ಗೈಸೊರೈಝಾ ರೇಡಿಯನ್ಸ್ ಎರಡನೇ ಹಂತಕ್ಕೆ. ಬ್ರನ್ಸ್‌ವಿಜಿಯಾ ತಾಳ್ಮೆಯಿದ್ದವರಿಗೆ ಮಾತ್ರ; ಬೀಜದಿಂದ ಹೂವಿಗೆ ಹತ್ತು ವರ್ಷ ದಾಟುವುದು ಸಾಮಾನ್ಯ.

ತರುವಾಗ

ಬೀಜದಿಂದ ಬೆಳೆಸಿದ ಗೆಡ್ಡೆ ಅಥವಾ ಬೀಜವನ್ನೇ ಕೊಳ್ಳಿ. ದಕ್ಷಿಣ ಆಫ್ರಿಕಾದಲ್ಲಿ ಅನುಮತಿಯಿಲ್ಲದೆ ಕಾಡಿನ ಗೆಡ್ಡೆ ಕೀಳುವುದು ಅಪರಾಧ. ದೊಡ್ಡ, ವಯಸ್ಸಾದ, ಬೇರು ಕತ್ತರಿಸಿದ ಗೆಡ್ಡೆಯನ್ನು ಅಗ್ಗಕ್ಕೆ ಕೊಡುವವರ ಬಳಿ ಕೊಳ್ಳದಿರುವುದೇ ಲೇಸು. ಭಾರತಕ್ಕೆ ತರಿಸುವುದಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ ಮತ್ತು ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಅವರವರ ನಿಯಮಗಳಿವೆ. ಆಸ್ಟ್ರೇಲಿಯಾದ್ದು ಬಲು ಬಿಗಿ. ಲಕೋಟೆಯಲ್ಲಿ ಕದ್ದು ತರುವುದು ಬೇಡ, ಗೆಡ್ಡೆಯ ಜೊತೆ ನಂಜು (ವೈರಸ್) ರೋಗವೂ ಬರುತ್ತದೆ.

ದಕ್ಷಿಣ ಗೋಳಾರ್ಧದ ಗೆಡ್ಡೆ ಉತ್ತರಕ್ಕೆ ಬಂದರೆ ಋತು ತಪ್ಪುತ್ತದೆ. ಜನವರಿಯಲ್ಲಿ ನಿದ್ದೆಯಲ್ಲಿರುವ ಗೆಡ್ಡೆ ಕೈಸೇರಿದರೆ ಸೆಪ್ಟೆಂಬರ್‌ವರೆಗೆ ಒಣಗಾಗಿಯೇ ಇಡಬೇಕಾಗುತ್ತದೆ. ಗೋಲಿಗಿಂತ ದೊಡ್ಡವು ತಡೆಯುತ್ತವೆ, ಬಟಾಣಿ ಗಾತ್ರದವು ಸುಕ್ಕುಗಟ್ಟಿ ಸಾಯಬಹುದು. ಗೋಳಾರ್ಧ ದಾಟಿಸುವುದಿದ್ದರೆ ಬೀಜ ತರಿಸುವುದೇ ಜಾಣತನ.

ಕುಂಡ ಮತ್ತು ಮಿಶ್ರಣ

ಅಗಲಕ್ಕಿಂತ ಆಳ ಮುಖ್ಯ. ಲ್ಯಾಕೆನಾಲಿಯಾಕ್ಕೆ 15 ಸೆಂ.ಮೀ., ಮೊರಿಯಾ, ಬಬಿಯಾನಾಗಳಿಗೆ 20 ಸೆಂ.ಮೀ., ಹೀಮ್ಯಾಂಥಸ್‌ಗೆ 20–25 ಸೆಂ.ಮೀ. ಆಳದ ಕುಂಡ. ಬಬಿಯಾನಾದ ಬೇರುಗಳು ಕುಗ್ಗಿ ಗೆಡ್ಡೆಯನ್ನು ಕೆಳಕ್ಕೆ ಎಳೆಯುತ್ತವೆ. ಐದು ಸೆಂ.ಮೀ. ಆಳದಲ್ಲಿ ನೆಟ್ಟದ್ದು ಎರಡು ವರ್ಷದಲ್ಲಿ ಕುಂಡದ ತಳಕ್ಕೆ ಹೋಗಿ ಕೂತಿರುತ್ತದೆ. ಕಾಡಿನಲ್ಲಿ ಇದು ಪ್ರಾಣ ಉಳಿಸಿಕೊಳ್ಳುವ ಉಪಾಯ: ಆ ಗೆಡ್ಡೆ ಬಬೂನ್ ಕೋತಿಗಳಿಗೆ ಇಷ್ಟ, ಬಬಿಯಾನಾ ಎಂಬ ಹೆಸರೇ ಡಚ್ ಭಾಷೆಯಲ್ಲಿ ಬಬೂನ್‌ಗಿರುವ ಮಾತಿನಿಂದ ಬಂದದ್ದು.

ಮಿಶ್ರಣ ಹೀಗೆ:

ದಪ್ಪ ಮರಳು (1–3 ಮಿ.ಮೀ. ಕಾಳು) – 3 ಪಾಲು
ಜರಡಿ ಹಿಡಿದ, ಪೂರ್ತಿ ಕಳಿತ ಎಲೆಗೊಬ್ಬರ – 1 ಪಾಲು
ಪ್ಯೂಮಿಸ್ ಅಥವಾ ಪರ್ಲೈಟ್ – 1 ಪಾಲು

15 ಸೆಂ.ಮೀ. ಕುಂಡಕ್ಕೆ ಸುಮಾರು 2 ಲೀಟರ್ ಮಿಶ್ರಣ ಹಿಡಿಯುತ್ತದೆ. ಮರಳೇ ಇಲ್ಲಿ ಎಲ್ಲವೂ. ಗಾರೆಗೆ ಬಳಸುವ ನಯವಾದ ಮರಳು ಎಲೆಗೊಬ್ಬರದ ಜೊತೆ ಸೇರಿ ಸಿಮೆಂಟಿನಂತೆ ಕೂರುತ್ತದೆ. ಎಂ-ಸ್ಯಾಂಡ್ ಬಳಸಬಹುದು, ಆದರೆ ಅದರಲ್ಲಿರುವ ಕಲ್ಲಿನ ಹಿಟ್ಟು ಹೋಗುವ ತನಕ ಬಕೆಟ್‌ನಲ್ಲಿ ನಾಲ್ಕೈದು ಸಲ ತೊಳೆಯಬೇಕು. ಸಮುದ್ರದ ಮರಳು ಬೇಡ, ಉಪ್ಪು. ಕೊಕೊಪೀಟ್ ಕೂಡ ಬೇಡ. ನೀರು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ, ನಮಗೆ ಬೇಕಾದದ್ದು ಅದಕ್ಕೆ ವಿರುದ್ಧ. ಸಗಣಿ ಗೊಬ್ಬರ, ಕೋಳಿ ಗೊಬ್ಬರ, ಎಲುಬಿನ ಹಿಟ್ಟು ಹಾಕುವ ಕೈಚಟವನ್ನು ಇಲ್ಲಿ ಬಿಡಿ: ಕೇಪ್‌ನ ಮರಳು ನೆಲದಲ್ಲಿ ರಂಜಕ ತೀರಾ ಕಡಿಮೆ, ಆ ಗಿಡಗಳು ಅದಕ್ಕೇ ಒಗ್ಗಿವೆ.

ತುಂಬಿದ ಮೇಲೆ ಪರೀಕ್ಷೆ ಮಾಡಿ. ಒಂದು ಲೋಟ ನೀರು ಸುರಿದರೆ ಹತ್ತು ಸೆಕೆಂಡಿನೊಳಗೆ ಮೇಲ್ಭಾಗದಿಂದ ಮಾಯವಾಗಬೇಕು. ನಿಂತರೆ ಮರಳು ಸಾಲದು.

ಕೇಪ್ ಎಂದರೆ ಬರೀ ಮರಳಲ್ಲ ಎಂಬುದನ್ನೂ ಹೇಳಬೇಕು. ನ್ಯೂವೌಟ್‌ವಿಲ್‌ನ ಕಡುಗೆಂಪು ರೊಮುಲಿಯಾ ಸಬುಲೋಸಾ ಬೆಳೆಯುವುದು ಜೇಡಿ ನೆಲದಲ್ಲಿ. ಆ ನೆಲ ಚಳಿಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಇಟ್ಟಿಗೆ. ಅಂಥವಕ್ಕೆ ಒಂದು ಪಾಲು ಕೆಂಪು ಮಣ್ಣು ಸೇರಿಸಬಹುದು. ಆದರೂ ಬೇಸಿಗೆ ಪೂರ್ತಿ ಒಣಗಿರುತ್ತದೆ ಎಂಬ ಖಾತರಿ ಇಲ್ಲದಿದ್ದರೆ ಮರಳಿನ ಮಿಶ್ರಣದಲ್ಲೇ ಇರಲಿ.

ನೆಡುವುದು

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಬೇ ಏರಿಯಾದವರು ದಸರಾದ ಆಸುಪಾಸು ಎಂದು ನೆನಪಿಟ್ಟುಕೊಂಡರೆ ಸಾಕು.

1. ಗೆಡ್ಡೆಯನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಿದ್ದರೆ ಸರಿ. ಮೆತ್ತಗಿದ್ದು ಹುಳಿ ವಾಸನೆ ಬಂದರೆ ಎಸೆಯಿರಿ. ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಸಡಿಲ ಸಿಪ್ಪೆ ತೆಗೆದು, ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಂದು ದಿನ ಗಾಳಿಗೆ ಬಿಡಿ.

2. ಎರಡನೇ ಬಗೆಯ, ನಾರಿನ ಅಂಗಿಯ ಗೆಡ್ಡೆಗಳ ಅಡಿಯಲ್ಲಿ ಅಂಟಿರುವ ಕಳೆದ ವರ್ಷದ ಒಣ ಬಿಲ್ಲೆಯನ್ನು ತಿರುಚಿ ತೆಗೆಯಿರಿ.

3. ಆಳ: ಲ್ಯಾಕೆನಾಲಿಯಾ 2 ಸೆಂ.ಮೀ.; ಮೊರಿಯಾ, ಇಕ್ಸಿಯಾ, ಸ್ಪಾರಾಕ್ಸಿಸ್ 3–5; ಬಬಿಯಾನಾ 5–8. ಹೀಮ್ಯಾಂಥಸ್, ಬ್ರನ್ಸ್‌ವಿಜಿಯಾಗಳ ಕುತ್ತಿಗೆ ನೆಲಮಟ್ಟದಲ್ಲಿ. ನೆರೀನ್ ಸಾರ್ನಿಯೆನ್ಸಿಸ್‌ನ ಮೇಲಿನ ಅರ್ಧ ಹೊರಗೇ ಇರಲಿ.

4. ನಡುವೆ ಗೆಡ್ಡೆಯ ಎರಡು ಪಟ್ಟು ಜಾಗ. 15 ಸೆಂ.ಮೀ. ಕುಂಡಕ್ಕೆ ಐದಾರು ಲ್ಯಾಕೆನಾಲಿಯಾ ಅಥವಾ ಎಂಟು-ಹತ್ತು ಸ್ಪಾರಾಕ್ಸಿಸ್.

5. ಮೇಲೆ 1 ಸೆಂ.ಮೀ. ಸಣ್ಣ ಜಲ್ಲಿ. ಕುತ್ತಿಗೆ ಒಣಗಿರುತ್ತದೆ, ಪಾಚಿ ಕಟ್ಟುವುದಿಲ್ಲ.

6. ಹೆಸರು, ತಾರೀಕನ್ನು ಪೆನ್ಸಿಲ್‌ನಲ್ಲಿ ಬರೆದು ಸಿಕ್ಕಿಸಿ. ಮಾರ್ಕರ್ ಶಾಯಿ ಒಂದೇ ಬೇಸಿಗೆಗೆ ಅಳಿಸಿಹೋಗುತ್ತದೆ, ಇಲ್ಲಿ ಅರ್ಧ ವರ್ಷ ಕುಂಡ ಬರಿದಾಗಿಯೇ ಕಾಣುತ್ತದೆ.

ಮೊದಲ ನೀರು

ಇಡೀ ಬೇಸಾಯ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ, ರಾತ್ರಿಯ ತಾಪಮಾನ ನೋಡಿ. ಸತತ ಒಂದು ವಾರ ರಾತ್ರಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಿರಬೇಕು, ಹಗಲು-ರಾತ್ರಿಯ ಅಂತರ 10 ಡಿಗ್ರಿಯಾದರೂ ಇರಬೇಕು. ಮಲಗಿರುವ ಗೆಡ್ಡೆಗೆ ಬೇರಿಲ್ಲ. ಬೆಚ್ಚಗಿನ ಮಿಶ್ರಣಕ್ಕೆ ನೀರು ಬಿದ್ದರೆ ಅದನ್ನು ಕುಡಿಯಲು ಗೆಡ್ಡೆಗೆ ಬಾಯಿಲ್ಲ, ಫ್ಯುಸೇರಿಯಂ ಶಿಲೀಂಧ್ರಕ್ಕೆ ಮಾತ್ರ ಹಬ್ಬ. ಅದೇ ನೀರು ತಣ್ಣನೆಯ ರಾತ್ರಿಗಳಲ್ಲಿ ಬಿದ್ದರೆ ಬೇರು ಮೊದಲು ಹೊರಡುತ್ತದೆ, ಆಮೇಲೆ ಚಿಗುರು.

ಕುಂಡವನ್ನು ಅರ್ಧ ಮುಳುಗುವಷ್ಟು ನೀರಿರುವ ಟಬ್ಬಿನಲ್ಲಿ ಅರ್ಧ ಗಂಟೆ ಇಟ್ಟು, ತೆಗೆದು, ಸೋರಲು ಬಿಡಿ. ಮತ್ತೆ ನೀರು ಬೇಡ. ಎರಡರಿಂದ ನಾಲ್ಕು ವಾರದಲ್ಲಿ ಜಲ್ಲಿಯ ನಡುವೆ ಹಸಿರು ಮೂಗು ಕಾಣುತ್ತದೆ. ಅಷ್ಟರೊಳಗೆ ಮಿಶ್ರಣ ತಳದವರೆಗೂ ಒಣಗಿದರೆ ಮಾತ್ರ ತುಸು ಹನಿಸಿ. ಈ ಕಾಯುವ ದಿನಗಳಲ್ಲಿ "ಪಾಪ, ಒಣಗಿದೆ" ಎಂದು ದಿನಾ ಚೊಂಬು ಹಿಡಿದು ಹೋಗುವ ಕೈಯನ್ನು ಕಟ್ಟಿಹಾಕುವುದೇ ಕಷ್ಟದ ಕೆಲಸ.

ತಡವಾದರೆ? ಡಿಸೆಂಬರ್‌ವರೆಗೆ ತಳ್ಳಿದರೆ ಗಿಡ ಬರುತ್ತದೆ, ಆದರೆ ಬೆಳೆಯುವ ಕಾಲ ಮೊಟಕಾಗಿ ಗೆಡ್ಡೆ ಸಣ್ಣದಾಗುತ್ತದೆ; ಮರುವರ್ಷ ಹೂವಿಲ್ಲ. ಕಪಾಟಿನಲ್ಲೇ ಚಿಗುರಿದ್ದು ಕಂಡರೆ ತಾಪಮಾನ ಏನೇ ಇರಲಿ, ಅಂದೇ ನೆಡಿ.

ಅಮರಿಲ್ಲಿಸ್ ಬಳಗಕ್ಕೆ ಬೇರೆ ಸೂತ್ರ. ನೆರೀನ್, ಹೀಮ್ಯಾಂಥಸ್‌ಗಳು ಎಲೆಗಿಂತ ಮೊದಲು, ಒಣ ಗೆಡ್ಡೆಯಿಂದಲೇ ಹೂಗೊಂಚಲು ಹೊರಡಿಸುತ್ತವೆ. ಆ ಮೊಗ್ಗಿನ ತುದಿಯೇ ನಿಮಗೆ ಸಂಕೇತ, ಅದು ಕಂಡ ದಿನ ನೀರು ಶುರು ಮಾಡಿ.

ಎಲೆ ಇರುವಾಗ

ದಿನಕ್ಕೆ ಆರು ಗಂಟೆ ನೇರ ಬಿಸಿಲು. ಕಡಿಮೆಯಾದರೆ ಎಲೆಗಳು ಉದ್ದವಾಗಿ ತೂಗಿ ಬೀಳುತ್ತವೆ, ಹೂದಂಟು ಕುಂಡದಾಚೆ ಮಲಗುತ್ತದೆ. ಹೀಟರ್ ಹಾಕಿದ ಕೋಣೆಯ ಕಿಟಕಿ ಇವಕ್ಕೆ ಒಗ್ಗದು. ರಾತ್ರಿ 5ರಿಂದ 10 ಡಿಗ್ರಿ ಇವುಗಳಿಗೆ ಸುಖ. ಸೊನ್ನೆಗೆ ಇಳಿದರೆ ಹೆಚ್ಚಿನವು ಒಂದೆರಡು ರಾತ್ರಿ ತಡೆಯುತ್ತವೆ. ಕುಂಡದ ಮಣ್ಣೇ ಹೆಪ್ಪುಗಟ್ಟಿದರೆ ಲ್ಯಾಕೆನಾಲಿಯಾ ಉಳಿಯುವುದು ಅನುಮಾನ, ಅಂಥ ರಾತ್ರಿ ಒಳಗೆ ತನ್ನಿ.

ನೀರು, ಮೇಲಿನ 2 ಸೆಂ.ಮೀ. ಒಣಗಿದಾಗ, ಬೆಳಗಿನ ಹೊತ್ತು, ತಳದಿಂದ ಹರಿದುಹೋಗುವಷ್ಟು. ನಡುಚಳಿಯಲ್ಲಿ ವಾರಕ್ಕೊಮ್ಮೆ ಸಾಕಾಗುತ್ತದೆ, ಹೂ ಬರುವಾಗ ಮೂರು-ನಾಲ್ಕು ದಿನಕ್ಕೊಮ್ಮೆ ಬೇಕಾಗಬಹುದು. ಈ ಕಾಲದಲ್ಲಿ ಪೂರ್ತಿ ಒಣಗಲು ಬಿಡಬೇಡಿ: ಬೇಸಿಗೆ ಬಂತೆಂದು ತಿಳಿದು ಗೆಡ್ಡೆ ಅರ್ಧದಲ್ಲೇ ಮಲಗಿಬಿಡುತ್ತದೆ, ಮತ್ತೆ ನೀರು ಹಾಕಿದರೂ ಏಳುವುದಿಲ್ಲ.

ಗೊಬ್ಬರ: ಟೊಮೆಟೊಗೆ ಮಾರುವ, ಪೊಟ್ಯಾಷ್ ಹೆಚ್ಚಿರುವ ದ್ರವ ಗೊಬ್ಬರವನ್ನು ಡಬ್ಬಿಯ ಮೇಲೆ ಹೇಳಿದ ಅರ್ಧ ಪ್ರಮಾಣಕ್ಕೆ ತೆಳು ಮಾಡಿ, ಮೂರು ವಾರಕ್ಕೊಮ್ಮೆ, ಹೂ ಬರುವವರೆಗೆ. ಅಷ್ಟೇ.

ಮೊಗ್ಗು ಬಂದೂ ಅರಳುತ್ತಿಲ್ಲ ಎಂಬ ದೂರು ರೊಮುಲಿಯಾ, ಸ್ಪಾರಾಕ್ಸಿಸ್, ಗೈಸೊರೈಝಾ ಬೆಳೆಯುವವರಿಂದ ಆಗಾಗ ಬರುತ್ತದೆ. ಅವು ಬೆಚ್ಚನೆಯ ಬಿಸಿಲಿಗೆ ಮಾತ್ರ ಬಿಚ್ಚಿಕೊಳ್ಳುವ ಹೂಗಳು. ಮೋಡದ ದಿನ ಇಡೀ ದಿನ ಮುಚ್ಚಿಯೇ ಇರುತ್ತವೆ, ಬಿಸಿಲಿದ್ದರೂ ಬೆಳಗ್ಗೆ ಹತ್ತು-ಹನ್ನೊಂದರ ಮೊದಲು ನೋಡಲು ಹೋಗಬೇಡಿ.

ಮಲಗಿಸುವುದು

ಹೂ ಮುಗಿದ ಮೇಲೂ ಎಲೆ ಹಸಿರಿರುವ ತನಕ ನೀರು ಕೊಡಿ. ಮುಂದಿನ ವರ್ಷದ ಗೆಡ್ಡೆ ತುಂಬುವುದು ಈ ವಾರಗಳಲ್ಲೇ. ಏಪ್ರಿಲ್-ಮೇನಲ್ಲಿ ಎಲೆ ತುದಿಯಿಂದ ಹಳದಿಯಾಗತೊಡಗಿದಾಗ ಎರಡು-ಮೂರು ವಾರದಲ್ಲಿ ನೀರನ್ನು ಇಳಿಸುತ್ತಾ ಬಂದು ನಿಲ್ಲಿಸಿ. ಅಂದ ಕೆಡುತ್ತದೆಂದು ಹಸಿರೆಲೆ ಕತ್ತರಿಸಬೇಡಿ. ಒಣಗಿ ಕೈಗೆ ಬಂದಾಗ ತೆಗೆಯಿರಿ.

ನಂತರ ಕುಂಡವನ್ನು ಮಳೆಯಾಗಲಿ, ಸ್ಪ್ರಿಂಕ್ಲರ್ ಆಗಲಿ ತಾಗದ, ಗಾಳಿಯಾಡುವ ನೆರಳಿಗೆ ಸರಿಸಿ. 25–30 ಡಿಗ್ರಿ ಸೆಖೆ ಇದ್ದರೆ ಒಳ್ಳೆಯದೇ. ಟ್ಯುಲಿಪ್ ಬೆಳೆದವರು ಅಭ್ಯಾಸಬಲದಿಂದ ಗೆಡ್ಡೆಯನ್ನು ಫ್ರಿಜ್‌ಗೆ ಹಾಕುತ್ತಾರೆ. ಕೇಪ್ ಗೆಡ್ಡೆಗೆ ಶೀತ ನಿದ್ದೆ ಬೇಡ, ಬಿಸಿ ನಿದ್ದೆ ಬೇಕು. ಕಿತ್ತು ಇಡುವುದಾದರೆ ಕಾಗದದ ಚೀಲ, ಈರುಳ್ಳಿಯ ಬಲೆ ಚೀಲ ಸರಿ. ಪ್ಲಾಸ್ಟಿಕ್ ಕವರ್ ಬೆವರುತ್ತದೆ.

ಮೊದಲ ಎರಡು ಬಗೆಗಳನ್ನು ಎರಡು ವರ್ಷಕ್ಕೊಮ್ಮೆ ಕಿತ್ತು, ಮರಿಗಳನ್ನು ಬಿಡಿಸಿ, ಹೊಸ ಮಿಶ್ರಣದಲ್ಲಿ ನೆಡಿ. ಅಮರಿಲ್ಲಿಸ್ ಬಳಗವನ್ನು ಕುಂಡ ಬಿರಿಯುವ ತನಕ ಕದಲಿಸಬೇಡಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅರ್ಧ ಲೋಟ ನೀರನ್ನು ಕುಂಡದ ಅಂಚಿಗೆ ಹಾಕಿದರೆ ಬೇರು ಸಾಯುವುದಿಲ್ಲ.

ಸಂಖ್ಯೆ ಹೆಚ್ಚಿಸಲು

ಮೊರಿಯಾ, ಇಕ್ಸಿಯಾ, ಲ್ಯಾಕೆನಾಲಿಯಾಗಳ ಒಣ ಬೀಜವನ್ನು ಬೇಸಿಗೆಯಿಡೀ ಕಾಗದದ ಪೊಟ್ಟಣದಲ್ಲಿ ಇಟ್ಟು, ಅಕ್ಟೋಬರ್‌ನಲ್ಲಿ 10 ಸೆಂ.ಮೀ. ಆಳದ ಕುಂಡದಲ್ಲಿ ಬಿತ್ತಿ, 3–5 ಮಿ.ಮೀ. ಮರಳು ಮುಚ್ಚಿ. ಮೂರರಿಂದ ಆರು ವಾರದಲ್ಲಿ ಹುಲ್ಲಿನೆಳೆಯಂಥ ಸಸಿ ಬರುತ್ತದೆ. ಎರಡು ಚಳಿಗಾಲ ಅದೇ ಕುಂಡದಲ್ಲಿ ಬಿಡಿ. ಮೊದಲ ವರ್ಷದ ಗೆಡ್ಡೆ ಸಾಸಿವೆ, ಮೆಂತ್ಯದ ಗಾತ್ರ, ಕಿತ್ತರೆ ಕಳೆದೇ ಹೋಗುತ್ತದೆ. ಲ್ಯಾಕೆನಾಲಿಯಾ ಎರಡು-ಮೂರನೇ ವರ್ಷ, ಮೊರಿಯಾ ಮೂರು-ನಾಲ್ಕನೇ ವರ್ಷ ಹೂ ಕೊಡುತ್ತದೆ. ಕಾಡ್ಗಿಚ್ಚಿನ ನಂತರ ಮೊಳೆಯುವ ಕೆಲವು ಜಾತಿಗಳಿಗೆ ಹೊಗೆ ನೆರವಾಗುತ್ತದೆ. ಹೊಗೆಯಲ್ಲಿ ಬೀಜ ಎಬ್ಬಿಸುವ ಗುಣವಿದೆ ಎಂಬುದು ದಕ್ಷಿಣ ಆಫ್ರಿಕಾದ ಫಿನ್‌ಬಾಸ್ (ಕೇಪ್‌ನ ಕುರುಚಲು ಕಾಡು) ಗಿಡಗಳಲ್ಲಿ ಗೊತ್ತಾದದ್ದು 1990ರಲ್ಲಿ. ಆದರೆ ಇಲ್ಲಿ ಹೆಸರಿಸಿದ ಹೆಚ್ಚಿನವು ಅದಿಲ್ಲದೆಯೇ ಮೊಳೆಯುತ್ತವೆ.

ಹೀಮ್ಯಾಂಥಸ್, ನೆರೀನ್, ಬ್ರನ್ಸ್‌ವಿಜಿಯಾಗಳ ಬೀಜ ರಸ ತುಂಬಿದ ಮಣಿ. ಅದನ್ನು ಒಣಗಿಸಿ ಕೂಡಿಡುವಂತಿಲ್ಲ, ಪೊಟ್ಟಣದಲ್ಲೇ ಮೊಳೆಯುತ್ತದೆ. ಕೈಗೆ ಬಂದ ದಿನವೇ ಮಿಶ್ರಣದ ಮೇಲೆ ಇಟ್ಟು, ಅರ್ಧ ಕಾಣುವಂತೆ ಒತ್ತಿ.

ಲ್ಯಾಕೆನಾಲಿಯಾಕ್ಕೆ ಇನ್ನೊಂದು ಅಡ್ಡದಾರಿ ಇದೆ. ಹೂ ಬರುವ ಮುಂಚೆ ಆರೋಗ್ಯವಾದ ಒಂದು ಎಲೆ ಕೊಯ್ದು, 4 ಸೆಂ.ಮೀ. ತುಂಡು ಮಾಡಿ, ಬುಡದ ಕಡೆ ಕೆಳಗೆ ಬರುವಂತೆ ಒದ್ದೆ ಮರಳಿನಲ್ಲಿ ಒಂದು ಸೆಂ.ಮೀ. ಸಿಕ್ಕಿಸಿ. ಮೇಲು-ಕೆಳಗು ತಪ್ಪದಂತೆ ಬುಡದ ಅಂಚನ್ನು ಓರೆಯಾಗಿ ಕತ್ತರಿಸಿಕೊಳ್ಳಿ. ಒಂದೂವರೆ-ಎರಡು ತಿಂಗಳಲ್ಲಿ ಕತ್ತರಿಸಿದ ಅಂಚಿನುದ್ದಕ್ಕೂ ಅಕ್ಕಿಕಾಳಿನಂಥ ಗೆಡ್ಡೆಗಳು ಸಾಲಾಗಿ ಕೂತಿರುತ್ತವೆ.

ಎಲೆಯಿಂದ ಮಾಡಿದ ಮರಿಗೆ ತಾಯಿಯ ನಂಜು ರೋಗವೂ ದಾಟುತ್ತದೆ. ಎಲೆಯ ಮೇಲೆ ತಿಳಿಹಳದಿ ಗೀರು, ಹೂವಿನಲ್ಲಿ ಒಡೆದ ಬಣ್ಣ ಕಂಡರೆ ಅನುಮಾನ ಬೇಡ. ಲ್ಯಾಕೆನಾಲಿಯಾದಲ್ಲಿ ಅದು ಬಹುಪಾಲು ಆರ್ನಿಥೊಗ್ಯಾಲಂ ಮೊಸಾಯಿಕ್ ವೈರಸ್. ಮದ್ದಿಲ್ಲ. ಗಿಡಹೇನು ಪಕ್ಕದ ಕುಂಡಕ್ಕೆ ಹೊತ್ತೊಯ್ಯುವ ಮುನ್ನ ಗೆಡ್ಡೆ ಸಮೇತ ಸುಡಿ. ಬೀಜದ ಮೂಲಕ ಇದು ಸಾಮಾನ್ಯವಾಗಿ ದಾಟುವುದಿಲ್ಲ, ಹಾಗಾಗಿ ಅಪರೂಪದ ಜಾತಿಯೊಂದಕ್ಕೆ ರೋಗ ತಗುಲಿದರೆ ಪ್ರತ್ಯೇಕವಾಗಿಟ್ಟು ಬೀಜ ಪಡೆದು ಆಮೇಲೆ ಸುಡಬಹುದು. ಅನೇಕ ಜಾತಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಬೇರೆ ಬೀಜದಿಂದ ಹುಟ್ಟಿದ ಇನ್ನೊಂದು ಗಿಡ ಬೇಕು. ಲ್ಯಾಕೆನಾಲಿಯಾಗಳು ತಮ್ಮತಮ್ಮಲ್ಲೇ ಬೆರೆಯುವುದರಿಂದ, ಜಾತಿ ಶುದ್ಧವಾಗಿರಬೇಕಾದರೆ ಹೂಗೊಂಚಲಿಗೆ ತೆಳು ಬಲೆ ಕಟ್ಟಿ, ಪರಾಗವನ್ನು ಸಣ್ಣ ಬ್ರಷ್‌ನಿಂದ ನೀವೇ ದಾಟಿಸಿ.

ಎಲೆಯ ಮೇಲಿನ ಕಂದು-ನೇರಳೆ ಚುಕ್ಕಿ, ಗುಳ್ಳೆ ನೋಡಿ ಗಾಬರಿಯಾಗಬೇಡಿ. ಹಲವು ಲ್ಯಾಕೆನಾಲಿಯಾಗಳಿಗೆ ಅದು ಹುಟ್ಟುಗುಣ.

ಬೆಂಗಳೂರು, ಮೈಸೂರಿನ ತಾರಸಿಯಲ್ಲಿ

ಇಲ್ಲಿ ತೊಡಕು ಎರಡು. ಗೆಡ್ಡೆ ಮಲಗಬೇಕಾದ ಕಾಲದಲ್ಲೇ, ಮೇಯಿಂದ ಅಕ್ಟೋಬರ್‌ವರೆಗೆ, ನಮ್ಮ ಮಳೆ. ಎರಡನೆಯದು, ಚಳಿ ಚಿಕ್ಕದು: ಡಿಸೆಂಬರ್-ಜನವರಿಯಲ್ಲೂ ಬೆಂಗಳೂರಿನ ರಾತ್ರಿ ಸರಾಸರಿ 15–16 ಡಿಗ್ರಿ. ಹಾಗಾಗಿ ಮೇಲಿನ 15 ಡಿಗ್ರಿಯ ಸೂತ್ರ ಹಿಡಿದು ಕೂತರೆ ನೆಡುವ ದಿನವೇ ಬಾರದು. ರಾತ್ರಿ 18ಕ್ಕೆ ಇಳಿದಾಗ, ಸಾಮಾನ್ಯವಾಗಿ ದೀಪಾವಳಿ ಕಳೆದು ಹಿಂಗಾರು ಮಳೆ ಬಿಟ್ಟ ಮೇಲೆ, ಮೊದಲ ನೀರು ಕೊಡಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಅಲ್ಲಿಗೆ ನಿಮ್ಮ ಬೆಳೆಯ ಕಾಲ ಮುಗಿಯತೊಡಗುತ್ತದೆ. ನಾಲ್ಕು ತಿಂಗಳೂ ಪೂರ್ತಿ ಸಿಗುವುದಿಲ್ಲ.

ಅಷ್ಟರಲ್ಲಿ ಗೆಡ್ಡೆ ತುಂಬಿಸಿಕೊಳ್ಳಬಲ್ಲವನ್ನೇ ಆರಿಸಿ: ಫ್ರೀಸಿಯಾ, ಸ್ಪಾರಾಕ್ಸಿಸ್, ಬಲ್ಬಿಫೆರಾ ಹೆಸರಿನಲ್ಲಿ ಮಾರುವ ಕೆಂಪು ಲ್ಯಾಕೆನಾಲಿಯಾ, ವೆಲ್ಟ್‌ಹೈಮಿಯಾ ಬ್ರ್ಯಾಕ್ಟಿಯಾಟಾ. ಕೊನೆಯದು ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯ ಕುರುಚಲು ಕಾಡಿನ ನೆರಳಿನ ಗಿಡ. ಬೇಸಿಗೆಯಲ್ಲಿ ತುಸು ತೇವ ತಗುಲಿದರೂ ಕೊಳೆಯುವುದು ಕಡಿಮೆ, ಅರೆನೆರಳೂ ಸಾಕು. ಊಟಿಯಲ್ಲಿ ಚಳಿ ಧಾರಾಳವಾಗಿದೆ, ಆದರೆ ಎರಡೂ ಮಾನ್ಸೂನ್‌ಗಳ ಮಳೆಯಿಂದಾಗಿ ಸೂರಿಲ್ಲದೆ ಆಗದು.

ಕಪ್ಪು ಪ್ಲಾಸ್ಟಿಕ್ ಕುಂಡ ತಾರಸಿಯ ಬಿಸಿಲಿಗೆ ಕಾದು ಬೇರು ಬೇಯಿಸುತ್ತದೆ. ಮಣ್ಣಿನ ಕುಂಡವನ್ನೇ ಬಳಸಿ, ಅದನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಳಿಸಿ ನಡುವೆ ಒದ್ದೆ ಮರಳು ತುಂಬಿ. ಹೊರ ಮರಳಿಗೆ ಸಂಜೆ ನೀರು ಚಿಮುಕಿಸಿದರೆ ಒಳಗಿನ ಬೇರಿಗೆ ರಾತ್ರಿ ಎರಡು-ಮೂರು ಡಿಗ್ರಿ ತಂಪು ಹೆಚ್ಚು ಸಿಗುತ್ತದೆ. ಏಪ್ರಿಲ್‌ನ ಮೊದಲ ಅಡ್ಡಮಳೆಗೆ ಮುಂಚೆ ಗೆಡ್ಡೆ ಕಿತ್ತು, ಒಣಗಿಸಿ, ಕಾಗದದ ಚೀಲಕ್ಕೆ ಹಾಕಿ ಅಟ್ಟದ ಮೇಲೆ ಇಡಿ. ಕುಂಡದಲ್ಲೇ ಬಿಟ್ಟರೆ ಸೂರಿನಡಿ ಇದ್ದರೂ ಮಳೆಗಾಲದ ತೇವದ ಗಾಳಿಗೆ ಮಿಶ್ರಣ ಥಂಡಿ ಹಿಡಿದು, ಆಗಸ್ಟ್‌ನಲ್ಲೇ ಚಿಗುರಿಬಿಡುತ್ತದೆ.